ಗವಾನ ಕೊನೆಯ ಪುಟ

“ಕೈ ಬಿಟ್ಟನೋ, ಮ್ಯಾಲೆ ಎಳಕೊಂಡನೋ? ಅಷ್ಟ ಹೇಳು. ಭಾಷಣ ಬ್ಯಾಡ,” ಅಂದ ಅನೇಕಾಂತ.

ಬೆಳಗಾವಿಯ ರಾಮತೀರ್ಥ ನಗರದ ಅವನ ಮನೆಯ ಮಹಡಿಯಲ್ಲಿ ಇಪ್ಪತ್ತು ಹುಡುಗರು ಜಮಖಾನೆಯ ಮೇಲೆ ಕೂತಿದ್ದರು. ಭಾನುವಾರ, ಹನ್ನೊಂದು ಗಂಟೆ. ಎಲ್ಲರೂ ಗವಾನ ಅಭಿಮಾನಿಗಳೇ, ಆದರೆ ಹೊಸ ಸಿನಿಮಾ ಬಂದ ಮೇಲೆ ಎರಡು ಪಂಗಡವಾಗಿದ್ದರು. ಗವಾ ಅಂದರೆ ಕಾಡುಕೋಣ. ಮೂವತ್ತು ವರ್ಷದ ಹಿಂದೆ ಮರಾಠಿಯಲ್ಲಿ ಬಂದ ಚಿತ್ರಕಥೆ ಪುಸ್ತಕದ ವೀರ. ಕೊಂಬಿನ ಮುಖವಾಡ, ಗುಂಡು ತಾಗದ ಚರ್ಮ, ನೂರು ಎತ್ತಿನ ಬಲ. ಮೊದಲ ನಿರ್ದೇಶಕ ಅವನನ್ನು ತೆರೆಗೆ ತಂದಾಗ ಗವಾ ನಗುತ್ತಿದ್ದ, ಹಾಡುಹಗಲಲ್ಲಿ ಓಡಾಡುತ್ತಿದ್ದ, ಮುದುಕಿಯರ ಮನೆಯಲ್ಲಿ ರೊಟ್ಟಿ ತಿನ್ನುತ್ತಿದ್ದ. ಹೊಸ ನಿರ್ದೇಶಕನ ಗವಾ ಮಾತೇ ಆಡುವುದಿಲ್ಲ. ಎರಡೂವರೆ ತಾಸು ಕತ್ತಲು, ಮಳೆ, ಎಲುಬು ಮುರಿಯುವ ಸದ್ದು. ಕೊನೆಗೆ, ಗವಾನ ತಂದೆಯನ್ನು ಕೊಂದವನು ಸೇತುವೆಯಿಂದ ಜೋತಾಡುವಾಗ, ಮೊದಲ ಸಿನಿಮಾದ ಗವಾ ಅವನನ್ನು ಮೇಲೆಳೆದು ಪೊಲೀಸರಿಗೆ ಕೊಟ್ಟಿದ್ದ. ಹೊಸ ಸಿನಿಮಾದ ಗವಾ ಕೈ ಬಿಟ್ಟ.

“ಪುಸ್ತಕದಾಗ ಮ್ಯಾಲೆ ಎಳಕೊಂಡಾನ,” ಮೈಲಾರಲಿಂಗ ಎದ್ದು ನಿಂತೇ ಹೇಳಿದ. “ನಾ ಹತ್ತು ವರ್ಷದಾಂವ ಇದ್ದಾಗ ಕೇಳಿದ ಕತಿ. ಕೊನೀ ಪುಟದ ಚಿತ್ರ ಇವತ್ತಿಗೂ ಕಣ್ಣಾಗ ಐತಿ. ಒಂದು ಕೈ ಇನ್ನೊಂದು ಕೈ ಹಿಡದೈತಿ, ಕೆಳಗ ಹೊಳಿ. ಈ ಹೊಸಾ ಡೈರೆಕ್ಟರ್ ಗವಾನ್ನ ಖೂನಿ ಮಾಡಾಂವ ಮಾಡಿಟ್ಟಾನ. ಖೂನಿ ಮಾಡಾವಗ ಕೊಂಬ ಕಟ್ಟಿದ್ರ ಅಂವ ಗವಾ ಆಗೂದಿಲ್ಲ.”

“ಹೌದ್ದ ಹುಲಿಯಾ!” ಹಿಂದಿನಿಂದ ಯಾರೋ ಕೂಗಿದರು.

“ನಿಮ್ಮ ಹಳೇ ಡೈರೆಕ್ಟರ್ ಮಾಡಿದ್ದು ಸಿನಿಮಾ ಅಲ್ಲೋ, ಬಾಲವಾಡಿ,” ಅಂದ ಅನೇಕಾಂತ. “ಜನಾ ಚಪ್ಪಾಳಿ ಹೊಡೀಲಿ ಅಂತ ಗವಾನ್ನ ಸಾಧು ಮಾಡಿದ. ಹೊಸಾಂವ ಪುಸ್ತಕ ಬಿಟ್ಟು ಒಂದು ಹೆಜ್ಜಿ ಆಚೆ ಹೋಗಿಲ್ಲ. ಚಿತ್ರದಾಗ ಕೈ ಹಿಡದೈತಿ, ಖರೇ. ಚಿತ್ರದ ಕೆಳಗ ಏನು ಬರದೈತಿ ಅದನ್ನ ಹೇಳು.”

“ಹೆಸರಿಟ್ಟದ್ದು ಅನೇಕಾಂತ, ಹಿಡಿಯೂದು ಮಾತ್ರ ಒಂದ ಬಾಜು!” ಗುಂಪಿನಲ್ಲಿ ಯಾರೋ ಅಂದರು.

ಎಲ್ಲರೂ ನಕ್ಕರು. ಮೂಲೆಯ ಕುರ್ಚಿಯಲ್ಲಿದ್ದ ಅನೇಕಾಂತನ ಅಜ್ಜ ಪದ್ಮಾಕರ ಎಲ್ಲರಿಗಿಂತ ಜೋರಾಗಿ ನಕ್ಕ. “ಜಗಳ ಯಾಕ್ರೋ? ಪುಸ್ತಕ ನನ್ನ ಕಪಾಟಿನ್ಯಾಗ ಅದ. ತಡೀರಿ,” ಎಂದು ಮೊಣಕಾಲು ಹಿಡಿದುಕೊಂಡು ಎದ್ದ.

ಉಳಿದವರಿಗೆ ಇದು ಸಿನಿಮಾದ ಜಗಳ. ಮಧ್ಯಾಹ್ನ ಊಟಕ್ಕೆ ಕೂತಾಗ ಮರೆತುಹೋಗುವಂಥದು. ಮೈಲಾರಲಿಂಗನಿಗೆ ಹಾಗಲ್ಲ. ಹನ್ನೆರಡು ವರ್ಷದ ಹಿಂದೆ ಬದುವಿನ ಜಗಳದಲ್ಲಿ ಅವನ ಅಪ್ಪ ರಾಮಲಿಂಗನನ್ನು ಕಡಿದು ಹಾಕಿದ ಪಕ್ಕದ ಹೊಲದ ಬಾಳಾಸಾಹೇಬ ಎಂಟು ದಿನದ ಹಿಂದೆ ಹಿಂಡಲಗಾ ಜೈಲಿನಿಂದ ಬಿಡುಗಡೆಯಾಗಿ ಖಾನಾಪುರದ ಅದೇ ಓಣಿಗೆ ಬಂದಿದ್ದ. ಮೈಲಾರಲಿಂಗ ದುಡಿಯುವ ಇಟ್ಟಿಗೆ ಭಟ್ಟಿಯಲ್ಲಿ ಎಂಟು ದಿನದಿಂದ ಅದೇ ಮಾತು. “ಅಪ್ಪನ್ನ ಕಡದಾಂವ ಬಂದು ಚಹಾ ಕುಡಿಯಾಕತ್ತಾನ, ಮಗಾ ಇಲ್ಲಿ ಇಟ್ಟಂಗಿ ಎಣಸಾಕತ್ತಾನ.” “ಮೀಸಿ ಬೋಳಸಿಕೋ ಹೋಗಲೇ.” ಅವರಿಗೆಲ್ಲ ಅವನ ಬಳಿ ಇದ್ದದ್ದು ಒಂದೇ ಉತ್ತರ, ಅದೂ ಬಾಯಿ ಬಿಟ್ಟು ಹೇಳುವಂಥದಲ್ಲ. ಗವಾ ಕೈ ಬಿಡಲಿಲ್ಲ. ನೂರು ಎತ್ತಿನ ಬಲ ಇದ್ದವನೇ ಬಿಡಲಿಲ್ಲ. ಹಾಗಾದರೆ ಬಿಡದೆ ಇರುವುದು ಹೇಡಿತನವಲ್ಲ.

ಪದ್ಮಾಕರ ಅಜ್ಜ ಹಳದಿ ಬಿದ್ದ ಪುಸ್ತಕ ತಂದು ಕೊನೆಯ ಪುಟ ತೆರೆದ. ಅದೇ ಚಿತ್ರ. ಎರಡು ಕೈ, ಕೆಳಗೆ ಹೊಳೆ. ಮೈಲಾರಲಿಂಗನ ಮುಖ ಅರಳಿತು. ಐದನೆಯ ತರಗತಿಗೇ ಶಾಲೆ ಬಿಟ್ಟವನು ಅವನು. ಮರಾಠಿ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಅಜ್ಜ ಕನ್ನಡಕ ಸರಿಮಾಡಿಕೊಂಡು ಚಿತ್ರದ ಕೆಳಗಿನ ಸಾಲು ಓದಿದ.

“ಗವ್ಯಾನೆ ಹಾತ ಸೋಡಲಾ.”

ಗವಾ ಕೈ ಬಿಟ್ಟ.

“ಇನ್ನೊಮ್ಮೆ ಓದ್ರಿ ಅಜ್ಜಾರ,” ಅಂದ ಮೈಲಾರಲಿಂಗ.

ಅಜ್ಜ ಇನ್ನೊಮ್ಮೆ ಓದಿದ. ಅಷ್ಟೇ ಇತ್ತು. ಅದರ ಕೆಳಗೆ ಸಮಾಪ್ತ.

ಹುಡುಗರು ಹೋ ಎಂದರು. “ಏನಪಾ ಪಂಡಿತಾ!” ಅನೇಕಾಂತ ಅವನ ಭುಜ ಹಿಡಿದು ಅಲ್ಲಾಡಿಸಿದ. “ಓದಾಕ ಬರ್ದಾವ್ರೆಲ್ಲಾ ಪುಸ್ತಕದ ಬಗ್ಗೆ ಮಾತಾಡಿದ್ರ ಹಿಂಗ...”

ಮಾತು ಮುಗಿಯಲಿಲ್ಲ. ಮೈಲಾರಲಿಂಗ ಅವನ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿದ್ದ. ಗುಂಡಿಯೊಂದು ಕಿತ್ತು ಜಮಖಾನೆಯ ಮೇಲೆ ಉರುಳಿತು. ಯಾರೂ ನಗಲಿಲ್ಲ.

“ಬಿಡೋ,” ಅಂದ ಅಜ್ಜ. ದನಿ ಏರಿಸಲಿಲ್ಲ. “ಅಂವ ಹೇಳಿದ್ದು ತಪ್ಪು. ಆದ್ರ ನೀ ಹೊಡ್ಯಾಕ ನಿಂತದ್ದು ಅವಗಲ್ಲ. ಯಾರಿಗೋ ನನಗ ಗೊತ್ತಿಲ್ಲ.”

ಮೈಲಾರಲಿಂಗ ಕೈ ತೆಗೆದ. “ಪುಸ್ತಕ ಒಂದು ದಿನಕ್ಕ ಕೊಡ್ರಿ. ನಾಳೆ ತಂದು ಕೊಡ್ತೀನಿ.”

ಅಜ್ಜ ಪುಸ್ತಕವನ್ನು ಹಾಳೆಯಲ್ಲಿ ಸುತ್ತಿ ಕೊಟ್ಟ.

ಖಾನಾಪುರದ ದಾರಿಯಲ್ಲಿ ಉದ್ಯಮಬಾಗ, ಮಚ್ಛೆ, ದೇಸೂರ. ಅವನ ಗಾಡಿ ಯಾವ ಉಬ್ಬಿಗೂ ನಿಧಾನಿಸಲಿಲ್ಲ. ಅಪ್ಪ ಸತ್ತ ವರ್ಷ ಅವ್ವ ರೇಣವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದಳು. ಅಕ್ಕ ಪ್ರಮಿಳಾಗೆ ಆಗ ಹದಿನೆಂಟು. ಅವಳು ಕಲಿತದ್ದು ಮರಾಠಿ ಶಾಲೆಯಲ್ಲಿ. ರದ್ದಿಯಲ್ಲಿ ಸಿಕ್ಕ ಆ ಪುಸ್ತಕವನ್ನು ಸಂಜೆಗೆ ನಾಲ್ಕು ಪುಟದಂತೆ ಕನ್ನಡಕ್ಕೆ ತಿರುಗಿಸಿ ಓದಿ ಹೇಳಿದ್ದಳು. ಮುಗಿದ ವಾರಕ್ಕೇ ಪುಸ್ತಕ ಕಾಣೆಯಾಯಿತು. ಇಲಿ ಕಡಿದಿದ್ದವು, ಎಸೆದೆ ಅಂದಿದ್ದಳು.

ಹನ್ನೆರಡು ವರ್ಷ. ಹನ್ನೆರಡು ವರ್ಷ ತಾನು ಒಂದು ಸುಳ್ಳಿನ ಮೇಲೆ ನಿಂತು ಗಂಡಸಾಗಿದ್ದೆ ಅಂದುಕೊಂಡಾಗ ಅವನಿಗೆ ರಸ್ತೆ ಕಾಣದಂತಾಯಿತು.

ಪ್ರಮಿಳಾ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಅವಳು ಹೊಲಿಯುತ್ತಿದ್ದ ಬಟ್ಟೆಯ ಮೇಲೆಯೇ ಅವನು ಪುಸ್ತಕ ಎಸೆದ. ಹಾಳೆ ಸರಿದು ಕೊಂಬಿನ ಮುಖ ಹೊರಬಂತು. ಅವಳ ಕಾಲು ನಿಂತಿತು.

“ಓದು. ಕೊನೀ ಪುಟ.”

ಅವಳು ಪುಟ ತೆರೆದಳು. ಬೆರಳನ್ನು ಸಾಲಿನ ಕೆಳಗಿಟ್ಟಳು. “ಗವಾ ಅವನ ಕೈ ಬಿಡಲಿಲ್ಲ,” ಎಂದು ಓದಿದಳು. “ಮ್ಯಾಲೆ ಎಳಕೊಂಡ.”

“ಸುಳ್ಳು!”

“ಹ್ಞೂ, ಸುಳ್ಳು.” ಅವಳ ಬೆರಳು ಅಲ್ಲೇ ಇತ್ತು. “ನೂರು ಸಲ ಓದಂದ್ರೂ ಹಿಂಗ ಓದ್ತೀನಿ. ಪುಸ್ತಕಾ ಇಲಿ ಕಡೀಲಿಲ್ಲ, ನಾನ ಒಲಿಗೆ ಹಾಕಿದೆ. ನೀ ಎಂದರ ಅಕ್ಷರ ಕಲತೀ ಅಂತ.”

“ಯಾಕ? ಯಾಕ ಹೇಡಿ ಮಾಡಿಟ್ಟಿ ನನ್ನ?”

“ನೆನಪೈತೇನೋ ನಿನಗ? ಹತ್ತು ವರ್ಷದ ಹುಡುಗ ಬಸ್‌ಸ್ಟ್ಯಾಂಡಿನ್ಯಾಗ ನಿಂತು ಹಿಂಡಲಗಾಕ್ಕ ಯಾವ ಬಸ್ ಹೋಗ್ತೈತ್ರಿ ಅಂತ ಕೇಳಾಕತ್ತಿದ್ದಿ. ಕಂಡಕ್ಟರ್ ಕೈ ಹಿಡಕೊಂಡು ಮನೀಗೆ ತಂದು ಬಿಟ್ಟ. ಚಡ್ಡಿ ಕಿಸೆದಾಗ ಎರಡು ಕಲ್ಲು ಇದ್ದು. ಅಪ್ಪನ್ನ ಮಣ್ಣ ಮಾಡಿ ಬಂದೇವಿ, ಅವ್ವ ಏಳವಲ್ಲಳು. ಇನ್ನ ನಿನ್ನನ್ನೂ ಅದ ಜೈಲಿಗೆ ಕಳಿಸಿ ನಾ ಯಾರಿಗೆ ರೊಟ್ಟಿ ಬಡೀಲಿ? ಆ ಸಾಲು ಬಂದಾಗ ನಿನ್ನ ಮುಖಾ ನೋಡಿದೆ. ಬಾಯಿಗೆ ಬಂದದ್ದು ಓದಿದೆ.”

ಅವನು ಬಾಗಿಲ ಮೇಲಿನ ಸಂದಿಯಲ್ಲಿ ಸಿಕ್ಕಿಸಿದ್ದ ಕುಡಗೋಲು ಹಿರಿದುಕೊಂಡ. ಅವಳು ಎದ್ದು ಅಡ್ಡ ಬರಲಿಲ್ಲ, ಅಳಲೂ ಇಲ್ಲ. ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದಳು.

“ಈ ಕತಿ ಬರದಾಂವಗ ಅಕ್ಕ ಇರಲಿಲ್ಲ ಕಾಣಸ್ತೈತಿ,” ಅಂದಳು.

ಓಣಿಯ ತುದಿಯ ನಳಕ್ಕೆ ನೀರು ಬಂದು ತಾಸಾಗಿತ್ತು. ಹೆಂಗಸರು ತುಂಬಿಕೊಂಡು ಹೋಗಿದ್ದರು. ಎಲ್ಲರೂ ಹೋದ ಮೇಲೆ ಬರುವವನು ಒಬ್ಬನೇ. ಬಾಳಾಸಾಹೇಬನ ತಲೆ ಪೂರ್ತಿ ಬೆಳ್ಳಗಾಗಿತ್ತು. ಪ್ಲಾಸ್ಟಿಕ್ ಕೊಡವನ್ನು ನಳದ ಕೆಳಗಿಟ್ಟು, ಅದು ಓಡಿಹೋದೀತೋ ಅನ್ನುವಂತೆ ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ.

ಕಟ್ಟೆಯ ಮೇಲೆ ಕೂತ ಮುದುಕಿ ಭರಮವ್ವ ಮೊದಲು ನೋಡಿದಳು. “ಮೈಲ್ಯಾ, ಬ್ಯಾಡೋ ಯಪ್ಪಾ.” ಬಾಳಾಸಾಹೇಬ ತಲೆ ಎತ್ತಿದ. ಮುಖ ನೋಡಿದ, ಆಮೇಲೆ ಕುಡಗೋಲು ನೋಡಿದ. ಓಡಲಿಲ್ಲ. ಕೈ ಮುಗಿಯಲಿಲ್ಲ.

ಮೂರು ಹೆಜ್ಜೆಯ ಅಂತರ. ಅದು ಎರಡಾಯಿತು. ಎದುರುಮನೆಯ ಬಾಗಿಲು ಧಡ್ ಎಂದು ಮುಚ್ಚಿಕೊಂಡಿತು.

ಕೊಡ ತುಂಬಿ ನೀರು ಹೊರಗೆ ಹರಿಯತೊಡಗಿತು. ಮೊದಲು ಬಾಳಾಸಾಹೇಬನ ಬರಿಗಾಲು ತೊಯ್ದಿತು. ಕೆಂಪು ಮಣ್ಣನ್ನು ಕಲಸುತ್ತ ಇತ್ತ ಹರಿದು ಬಂದು ಮೈಲಾರಲಿಂಗನ ಚಪ್ಪಲಿಯ ತುದಿ ಮುಟ್ಟಿತು. ಇಬ್ಬರೂ ಕದಲಲಿಲ್ಲ.

ಮೈಲಾರಲಿಂಗ ಕುಡಗೋಲನ್ನು ಎಡಗೈಗೆ ಬದಲಿಸಿದ. ಬಗ್ಗಿ, ಬಲಗೈಯಿಂದ ನಳವನ್ನು ಬಿಗಿಯಾಗಿ ತಿರುಗಿಸಿದ. ನಳದ ಬಾಯಿಂದ ಇನ್ನೂ ಎರಡು ಮೂರು ಹನಿ ಬಿದ್ದವು. ಆಮೇಲೆ ಅದೂ ನಿಂತಿತು.