ಡಿವಿಡಿ ಬೇಕೇ, ಬೇಡವೇ

ಆ ಕಂಪ್ಯೂಟರ್ ಮಾಸಪತ್ರಿಕೆಯ ಕಚೇರಿಯಲ್ಲಿ ಅವಳ ಹೆಸರು ಕತ್ತರಿ. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಪತ್ರಿಕೆಯ ಮುಖಪುಟಕ್ಕೆ ಅಂಟಿಸಿ ಕೊಡುವ ಸೀಡಿಯಲ್ಲಿ ಏನಿರಬೇಕು, ಏನಿರಬಾರದು ಎಂದು ತೀರ್ಮಾನಿಸುವುದು ಅವಳ ಕೆಲಸ. ತೀರ್ಮಾನ ಎಂಬುದು ಹೇಳಿಕೊಳ್ಳಲು ಚೆಂದದ ಮಾತು. ಹಾಕಬೇಕಾದದ್ದು ಬೆಟ್ಟದಷ್ಟು, ಇರುವ ಜಾಗ ಬೊಗಸೆಯಷ್ಟು; ಆದ್ದರಿಂದ ಅವಳು ತಿಂಗಳು ಪೂರ್ತಿ ಮಾಡುತ್ತಿದ್ದುದು ಕತ್ತರಿಸುವುದನ್ನೇ.

ಸೀಡಿ ತುಂಬುವ ದಿನ ಎಲ್ಲ ವಿಭಾಗದವರೂ ಅವಳ ಮೇಜಿನ ಸುತ್ತ ನೆರೆಯುತ್ತಿದ್ದರು. ಆಟಗಳ ವಿಭಾಗದವನದ್ದೇ ದೊಡ್ಡ ಗಂಟಲು. ಅವನನ್ನು ಎಲ್ಲರೂ ಆಟದವನು ಎಂದೇ ಕರೆಯುತ್ತಿದ್ದರು.

"ಇದೊಂದು ಆಟ ಹಾಕಕ್ಕ. ಇದಿಲ್ಲದಿದ್ರೆ ಓದುಗರು ನನ್ನ ಮನೆ ಹುಡುಕ್ಕೊಂಡು ಬಂದು ಹೊಡೀತಾರೆ."

"ಹೋದ ತಿಂಗಳೂ ಇದೇ ಹೇಳಿದ್ದೆ. ಹಾಕಲಿಲ್ಲ. ಯಾರೂ ಹೊಡೀಲಿಲ್ಲ," ಎಂದು ಅವಳು ಅಳಿಸಿಬಿಡುತ್ತಿದ್ದಳು.

ಯಾರೂ ಅವಳ ಮೇಲೆ ಪಕ್ಷಪಾತದ ದೂರು ಹೇಳುವಂತಿರಲಿಲ್ಲ, ಏಕೆಂದರೆ ಮೊದಲ ಕತ್ತರಿ ಬೀಳುತ್ತಿದ್ದುದು ಅವಳದ್ದೇ ಕೂಸುಗಳ ಮೇಲೆ. ಅವಳು ತನ್ನ ಮನೆಯ ಊಟದ ಮೇಜಿನ ಮೇಲೆ, ಎರವಲು ತಂದ ಕ್ಯಾಮೆರಾದಲ್ಲಿ ಕೆಲವು ಪಾಠದ ವಿಡಿಯೋ ಚಿತ್ರಗಳನ್ನು ತೆಗೆದಿದ್ದಳು. ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚುವುದು ಹೇಗೆ, ಒಳಗಿನ ಫ್ಯಾನಿನ ಧೂಳು ಒರೆಸುವುದು ಹೇಗೆ, ಹೊಸ ಡ್ರೈವ್ ಜೋಡಿಸುವುದು ಹೇಗೆ. ತೆರೆಯ ಮೇಲೆ ಕಾಣುವುದು ಅವಳ ಎರಡು ಕೈ, ಕೇಳುವುದು ಅವಳ ದನಿ, ಅಷ್ಟೇ. ಆದರೆ ಅದನ್ನು ಮಾಡುವಾಗ ಅವಳು ಊಟ ನಿದ್ದೆ ಮರೆತಿದ್ದಳು. ಒಂದೊಂದು ಚಿತ್ರವೂ ಸೀಡಿಯ ಅರ್ಧ ಜಾಗ ನುಂಗುತ್ತಿತ್ತು. ಹೀಗಾಗಿ ಒಂದು ಚಿತ್ರವೂ ಓದುಗರ ಮುಖ ಕಂಡಿರಲಿಲ್ಲ. ತನ್ನ ದನಿಯನ್ನು ಯಾರಾದರೂ ಒಬ್ಬರು ಕೇಳಿ ಒಂದು ತಿರುಪನ್ನಾದರೂ ಬಿಚ್ಚಲಿ ಎಂಬುದು ಅವಳ ಆಸೆ.

ಡಿವಿಡಿ ಮಾರುಕಟ್ಟೆಗೆ ಬಂದದ್ದೇ ತಡ, ಅವಳು ಯಜಮಾನರ ಬೆನ್ನು ಹತ್ತಿದಳು. ಸೀಡಿ ಒಂದು ಕೋಣೆಯಾದರೆ ಡಿವಿಡಿ ಇಡೀ ಮನೆ. ಎಲ್ಲರನ್ನೂ ಕೂರಿಸಿ ಇನ್ನೂ ಕಾಲು ಚಾಚಬಹುದು. ಆದರೆ ಯಜಮಾನರು ಹಿಂದೆ ಫ್ಲಾಪಿ ಬಿಟ್ಟು ಸೀಡಿ ಕೊಡಲು ಹೊರಟಾಗ ಒಂದಷ್ಟು ಓದುಗರನ್ನು ಕಳೆದುಕೊಂಡಿದ್ದರು. ಹಾಲಿನಲ್ಲಿ ಬಾಯಿ ಸುಟ್ಟುಕೊಂಡವರು, ಮಜ್ಜಿಗೆಯನ್ನೂ ಊದಿ ಕುಡಿಯುತ್ತಿದ್ದರು.

"ಓದುಗರನ್ನೇ ಕೇಳೋಣ," ಎಂದರು. "ಅವರು ಹೂಂ ಅಂದ್ರೆ ನಂದೂ ಹೂಂ."

ಪ್ರಯೋಗಕ್ಕೆಂದು ಒಂದು ತಿಂಗಳು ಸೀಡಿಯ ಬದಲು ಡಿವಿಡಿ ಅಂಟಿಸುವುದೆಂದು ಗೊತ್ತಾಯಿತು. ಕತ್ತರಿ ಆ ತಿಂಗಳು ಏನನ್ನೂ ಕತ್ತರಿಸಲಿಲ್ಲ. ಆಟಗಳು ಬಂದವು, ಜಾಹೀರಾತು ಬಂತು, ಅವಳ ಪಾಠಗಳೂ ಬಂದವು. ಓದುಗರ ಅಭಿಪ್ರಾಯ ಕೇಳುವ ಉಪಾಯವೂ ಅವಳದ್ದೇ. ಡಿಸ್ಕ್ ಹಾಕಿದ ಕೂಡಲೇ ತೆರೆಯ ಮೇಲೆ ಒಂದು ಪ್ರಶ್ನೆ ಮೂಡುತ್ತದೆ: ಇನ್ನು ಮುಂದೆ ಡಿವಿಡಿ ಬೇಕೇ, ಬೇಡವೇ? ಒಂದನ್ನು ಒತ್ತಿದರೆ ಸಾಕು, ಉತ್ತರ ಟೆಲಿಫೋನ್ ತಂತಿಯ ಮೂಲಕ ಕಚೇರಿಯ ಕಂಪ್ಯೂಟರಿಗೆ ಬಂದು ಬೀಳುತ್ತದೆ. ಕಾಗದವಿಲ್ಲ, ಅಂಚೆಯಿಲ್ಲ. ಎಂಥ ತಲೆ ಎಂದು ಎಲ್ಲರೂ ಹೊಗಳಿದರು. ಅವಳೂ ಒಂದಷ್ಟು ಉಬ್ಬಿದಳು.

ಉತ್ತರಗಳು ಬಂದವು. ಬೇಕು, ಬೇಕು, ಬೇಕು. ಬಂದದ್ದೆಲ್ಲವೂ ಬೇಕು. ಅಪ್ಪಿತಪ್ಪಿಯೂ ಒಬ್ಬರು ಬೇಡ ಎಂದಿರಲಿಲ್ಲ. ಆಟದವನು ಕುರ್ಚಿಗಳ ಸುತ್ತ ಕುಣಿದ. ಯಜಮಾನರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

"ಇಷ್ಟೊಂದು ಒಗ್ಗಟ್ಟು ನಮ್ಮ ಮನೇಲಿ ಊಟಕ್ಕೇನು ಅನ್ನೋದರಲ್ಲೂ ಇಲ್ಲ," ಎಂದರು. "ನಾಳೆ ಬೆಳಿಗ್ಗೆ ಡಿಸ್ಕ್ ಕಾರ್ಖಾನೆಗೆ ಫೋನ್ ಮಾಡ್ತೀನಿ. ಇಡೀ ವರ್ಷಕ್ಕೆ ಡಿವಿಡೀನೇ."

ಆ ಸಂಜೆ ಕತ್ತರಿ ಮನೆಗೆ ಹೋದದ್ದು ನಡೆದೋ ಹಾರಿಯೋ ಅವಳಿಗೇ ತಿಳಿಯಲಿಲ್ಲ.

ಮನೆಯಲ್ಲಿ ಮಾವ ಬಾಲ್ಕನಿಯಲ್ಲಿ ಸ್ಟೂಲಿನ ಮೇಲೆ ನಿಂತು ಏನನ್ನೋ ದಾರದಲ್ಲಿ ತೂಗುಹಾಕುತ್ತಿದ್ದರು. ಅವಳ ಗಂಡನ ತಂದೆಯಾದ ಇವರು ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು. ಬಾವುಟ ಕೈಬಿಟ್ಟಿದ್ದರೂ ನಿಯಮ ಕೈಬಿಟ್ಟಿರಲಿಲ್ಲ. ಸೊಸೆ ಪತ್ರಿಕೆಯನ್ನು ಬಿಟ್ಟಿಯಾಗಿ ತರುತ್ತೇನೆಂದರೂ ಒಪ್ಪದೆ ತಾವೇ ಚಂದಾ ಕಟ್ಟಿದ್ದರು. ಬಿಟ್ಟಿ ಓದಿದರೆ ಬೈಯುವ ಹಕ್ಕು ಇರುವುದಿಲ್ಲ ಎಂಬುದು ಅವರ ವಾದ. ಬೈಯುವುದನ್ನೂ ಮನೆಯಲ್ಲಿ ಬೈಯುತ್ತಿರಲಿಲ್ಲ, ಕ್ರಮಪ್ರಕಾರ ಚಂದಾ ವಿಭಾಗಕ್ಕೇ ಫೋನ್ ಮಾಡುತ್ತಿದ್ದರು.

ದಾರದ ತುದಿಯಲ್ಲಿ ಮಿರಮಿರ ಹೊಳೆಯುತ್ತ ತಿರುಗುತ್ತಿದ್ದದ್ದನ್ನು ಕಂಡು ಕತ್ತರಿ ಹತ್ತಿರ ಬಂದಳು.

"ಮಾವ, ಇದು ನಮ್ಮ ಡಿವಿಡಿ ಅಲ್ವಾ?"

"ಹೌದು. ನನ್ನ ಕಂಪ್ಯೂಟರ್ ಓದಲ್ಲ ಅಂತು. ಹಾಳಾಗಿರ್ಬೇಕು ಅಂತ ಕಚೇರಿಗೆ ಫೋನ್ ಮಾಡ್ದೆ. ಪಾಪ, ಬೇರೆ ಕಳಿಸಿದ್ರು. ಅದನ್ನೂ ಓದಲಿಲ್ಲ. ಪಾರಿವಾಳ ಆದ್ರೂ ಓಡಿಸ್ಲಿ ಅಂತ ಒಂದನ್ನ ಕಟ್ತಿದೀನಿ."

"ನಿಮ್ಮ ಕಂಪ್ಯೂಟರಲ್ಲಿ ಇರೋದು ಸೀಡಿ ಡ್ರೈವ್, ಮಾವ. ಅದು ಡಿವಿಡಿ ಓದಲ್ಲ."

"ಎರಡನೇದು ಬಂದಾಗ ನಂಗೂ ಅದೇ ಅನುಮಾನ ಬಂತು. ಸರಿ, ಬೇಡ ಅಂತ ಹೇಳೋಣ ಅಂದ್ರೆ, ಡಿಸ್ಕ್ ಒಳಗೆ ಬಂದು ಹೇಳಿ ಅಂತ ಅಚ್ಚು ಹಾಕಿದೀರಿ. ಒಳಗೆ ಬಿಟ್ರೆ ತಾನೇ ಹೇಳೋದು?"

ಕತ್ತರಿ ಅಲ್ಲೇ ಹೊಸ್ತಿಲ ಮೇಲೆ ಕುಳಿತಳು. ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಜಡಿದು, ಬೇಕಾದವರು ತೆಗೆದುಕೊಳ್ಳಿ ಎಂದು ಊರಿಗೆಲ್ಲ ಸಾರಿದ್ದಳು. ಡಿವಿಡಿ ತೆರೆಯಲು ಆಗದವನು ಬೇಡ ಎನ್ನುವುದಾದರೂ ಹೇಗೆ? ಅದೂ ಸಾಲದೆಂಬಂತೆ ಡಿವಿಡಿ ಡ್ರೈವ್ ಜೋಡಿಸುವ ಪಾಠವನ್ನೂ ಅದೇ ಡಿವಿಡಿಯಲ್ಲೇ ಇಟ್ಟಿದ್ದಳು. ಅದನ್ನು ನೋಡಬಲ್ಲವನಿಗೆ ಅದು ಬೇಕಿಲ್ಲ, ಬೇಕಾದವನಿಗೆ ಅದು ಕಾಣುವುದಿಲ್ಲ.

ಬಾಯಲ್ಲಿ ಬಿಸಿತುಪ್ಪ. ಉಗುಳಿದರೆ ಡಿವಿಡಿ ಹೋಯಿತು, ಅದರ ಜೊತೆ ಅವಳ ಪಾಠಗಳೂ ಮತ್ತೆ ಬೀರು ಸೇರಿದವು. ನುಂಗಿದರೆ ನಾಳೆ ಬೆಳಿಗ್ಗೆ ಫೋನ್ ಹೋಗುತ್ತದೆ, ಮಾವನಂಥವರು ವರ್ಷವಿಡೀ ಕಾಸು ಕೊಟ್ಟು ಪಾರಿವಾಳ ಓಡಿಸಬೇಕಾಗುತ್ತದೆ.

"ಈಗ ನಾನೇನು ಮಾಡ್ಲಿ, ಮಾವ?"

"ಅದು ಕಚೇರಿ ವಿಷಯ ಕಣಮ್ಮ," ಎಂದರು ಮಾವ ಗಂಟು ಬಿಗಿಯುತ್ತ. "ನಾನು ಬರೀ ಚಂದಾದಾರ."

ಮರುದಿನ ಕಚೇರಿಗೆ ಹೋದವಳೇ ಅವಳು ಮೊದಲು ಚಂದಾ ವಿಭಾಗದ ಹೆಂಗಸಿನ ಬಳಿ ನಿಂತಳು. ಮಾವನೊಬ್ಬರದ್ದೇ ಈ ಪಾಡಾಗಿರಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದಳು.

"ಏನು ಕೇಳ್ತೀರಿ," ಎಂದಳು ಆಕೆ. "ಡಿಸ್ಕ್ ಹಾಳು, ಡಿಸ್ಕ್ ಹಾಳು ಅಂತ ಫೋನ್ ಮೇಲೆ ಫೋನ್. ಕಾರ್ಖಾನೆಯವರಿಗೆ ಬೈದು ಬೈದು ಸಾಕಾಯ್ತು. ಬದಲಿ ಕಳಿಸ್ತಾನೇ ಇದೀನಿ."

"ಬದಲಿ ಅಂದ್ರೆ ಯಾವುದು?"

"ಅದೇ. ಇನ್ಯಾವುದಿದೆ?"

ಕತ್ತರಿ ಯಜಮಾನರ ಕೋಣೆಗೆ ಹೋದಾಗ ಅವರ ಕೈ ಆಗಲೇ ಫೋನಿನ ಮೇಲಿತ್ತು. ಒಂದು ಕ್ಷಣ ತಡವಾಗಿ ಬಂದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸದೆ ಇರಲಿಲ್ಲ. ಆದರೂ ಎಲ್ಲವನ್ನೂ ಹೇಳಿದಳು. ಯಜಮಾನರು ಕೇಳುತ್ತ ಕೇಳುತ್ತ ಫೋನ್ ಇಟ್ಟರು.

"ಅಂದ್ರೆ," ಎಂದರು, "ಬಂದವರನ್ನ ಮಾತ್ರ ನಿಲ್ಲಿಸಿ, ಎಲ್ಲರೂ ಬಂದಿದೀರಾ ಅಂತ ಕೇಳಿದೀವಿ."

"ಹೌದು ಸರ್. ಕೇಳಿದ್ದು ನಾನೇ."

ಯಜಮಾನರಿಗೆ ಸಿಟ್ಟು ಬರಬೇಕಿತ್ತು, ಬಂದದ್ದು ನಗು. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ಹೇಳಿದ್ದು ಮಾತ್ರ ನಗುವ ಮಾತಾಗಿರಲಿಲ್ಲ: ಸದ್ಯಕ್ಕೆ ಸೀಡಿಯೇ ಇರಲಿ, ಪ್ರಶ್ನೆಯನ್ನು ಪತ್ರಿಕೆಯ ಪುಟದ ಮೇಲೆ ಅಚ್ಚು ಹಾಕಿ ಮತ್ತೆ ಕೇಳೋಣ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಸೀಡಿ ತುಂಬುವ ದಿನ ಕತ್ತರಿ ಎಲ್ಲರಿಗೂ ನಡೆದದ್ದನ್ನು ಹೇಳಿ, ಮುಖ ಎತ್ತದೆ ಕೆಲಸಕ್ಕೆ ಕುಳಿತಳು. ಅಭ್ಯಾಸದಂತೆ ಮೊದಲು ತನ್ನ ಪಾಠವನ್ನೇ ಅಳಿಸಲು ಹೊರಟಳು.

"ತಡಿ ಅಕ್ಕ," ಎಂದ ಆಟದವನು. "ಡ್ರೈವ್ ಜೋಡಿಸೋ ಪಾಠ ಸೀಡೀಲೇ ತಾನೇ ಇರ್ಬೇಕಾದ್ದು?"

"ಜಾಗ ನಿನ್ನ ತಾತ ಕೊಡ್ತಾನಾ?"

"ತಾತ ಯಾಕೆ, ನಾನೇ ಕೊಡ್ತೀನಿ. ಈ ಸಲದ ನನ್ನ ದೊಡ್ಡ ಆಟ ತೆಗೆದುಬಿಡು."

ಅವಳು ಅವನ ಹಣೆ ಮುಟ್ಟಿ ನೋಡಿದಳು.

"ಜ್ವರ ಇಲ್ಲ," ಎಂದ ಅವನು. "ಜನ ಡ್ರೈವ್ ಹಾಕ್ಕೊಂಡ್ರೆ ತಾನೇ ಡಿವಿಡಿ ಬರೋದು? ಬಂದ್ರೆ ತಾನೇ ನನ್ನ ಆಟಗಳಿಗೆ ಜಾಗ? ಧರ್ಮಕ್ಕೇನೂ ಮಾಡ್ತಿಲ್ಲ."

ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಅವಳು ತನ್ನದನ್ನು ಉಳಿಸಿಕೊಂಡು ಬೇರೆಯವರದ್ದನ್ನು ಕತ್ತರಿಸಿದಳು.

ಸೀಡಿ ಹೊರಬಿದ್ದು ಕೆಲವು ದಿನಗಳಾಗಿದ್ದವು. ಹಳೆಯ ಡಿವಿಡಿಯ ಉತ್ತರಗಳು ಬಂದು ಬೀಳುವ ಕಂಪ್ಯೂಟರನ್ನು ಆರಿಸುವುದನ್ನು ಎಲ್ಲರೂ ಮರೆತಿದ್ದರು. ಒಂದು ಮಧ್ಯಾಹ್ನ ಆಟದವನು ಕೂಗಿ ಕರೆದ. ಬೇಕು ಎಂಬ ಉದ್ದ ಸಾಲಿನ ಕೆಳಗೆ, ಹೊಚ್ಚ ಹೊಸದಾಗಿ, ಒಂದೇ ಒಂದು ಬೇಡ ಬಂದು ಕುಳಿತಿತ್ತು.

"ಡಿವಿಡಿ ಡ್ರೈವ್ ಇಟ್ಕೊಂಡು ಡಿವಿಡಿ ಬೇಡ ಅನ್ನೋ ಪುಣ್ಯಾತ್ಮ ಯಾರಪ್ಪ?" ಎಂದು ಅವನು ತಲೆ ಕೆರೆದುಕೊಂಡ.

ಊರಿಗೆಲ್ಲ ಒಂದು ದಾರಿಯಾದರೆ ತನಗೇ ಒಂದು ದಾರಿ ಎನ್ನುವವರು ಒಬ್ಬರು ಕತ್ತರಿಗೆ ಗೊತ್ತಿದ್ದರು. ಸಂಜೆ ಅವಳು ಕಚೇರಿಯಿಂದ ಬೇಗ ಹೊರಟಳು.

ಮಾವನ ಕಂಪ್ಯೂಟರಿನ ಒಂದು ಬದಿಯ ತಗಡು ಗೋಡೆಗೆ ಒರಗಿತ್ತು. ತಿರುಪುಗಳು ಕಾಫಿ ಬಟ್ಟಲಲ್ಲಿದ್ದವು. ಪೆಟ್ಟಿಗೆಯ ಮುಂಭಾಗದಲ್ಲಿ ಹೊಸ ಡ್ರೈವು ಹಲ್ಲು ಕಿರಿಯುತ್ತಿತ್ತು.

"ಯಾರು ಜೋಡಿಸಿದ್ದು ಮಾವ?"

"ನೀನೇ. ಸೀಡೀಲಿ ಹೇಳಿದೆಯಲ್ಲ. ನೋಡಿ ನೋಡಿ ಬಾಯಿಪಾಠ ಮಾಡ್ಕೊಂಡೆ, ಆಮೇಲೆ ಕಂಪ್ಯೂಟರ್ ಆರಿಸಿ ಬಿಚ್ಚಿದೆ. ಮನೇಲಿ ಮಾತಾಡೋದಕ್ಕಿಂತ ಅದರಲ್ಲಿ ನೀನು ನಿಧಾನಕ್ಕೆ ಮಾತಾಡ್ತೀಯ. ಅರ್ಥ ಆಗುತ್ತೆ."

ಅವಳಿಗೆ ಕಣ್ಣು ಮಂಜಾಯಿತು. ಅದನ್ನು ತೋರಿಸಿಕೊಳ್ಳದೆ ಕೇಳಿದಳು.

"ಸರಿ, ಈಗ ಡಿವಿಡಿ ಓದುತ್ತಲ್ಲ. ಮತ್ತೆ ಬೇಡ ಅಂತ ಯಾಕೆ ಒತ್ತಿದ್ರಿ?"

"ಆವತ್ತು ಅದನ್ನೇ ಹೇಳ್ಬೇಕು ಅಂತಿದ್ದೆ. ಬಾಗಿಲು ಹಾಕಿತ್ತು. ಇವತ್ತು ತೆಗೀತು, ಹೇಳಿದೆ. ತಡವಾದ ರೈಲು ಅಂತ ಬೇರೆ ಊರಿಗೆ ಹೋಗೋಕಾಗುತ್ತಾ?"

"ಅಂದ್ರೆ ನಿಮಗೆ ಡಿವಿಡಿ ಬೇಡವೇ ಬೇಡ."

"ಹಾಗಂತ ಯಾರು ಹೇಳಿದ್ದು? ಪುಟದ ಮೇಲೆ ಬೇರೆ ಕೇಳಿದೀರಲ್ಲ, ಅದಕ್ಕೆ ಬೇಕು ಅಂತ ಬರೆದು ಹಾಕಿದೀನಿ." ಮಾವ ಕನ್ನಡಕ ಸರಿಮಾಡಿಕೊಂಡು ತೆರೆಯ ಕಡೆ ತಿರುಗಿದರು. "ಸ್ವಲ್ಪ ಆಚೆ ಸರಿ, ಬೆಳಕಿಗೆ ಅಡ್ಡ ನಿಂತಿದೀಯ. ಫ್ಯಾನು ಒರೆಸೋದು ಹೇಗೆ ಅಂತ ನೀನು ಈಗಷ್ಟೇ ಹೇಳೋಕೆ ಶುರು ಮಾಡಿದ್ದೆ."