ಹೆಬ್ಬೆರಳಿನ ಬೈಗುಳ

"ನಿನ್ ಕೈ ಸೇದೋಗ, ಗೂಬೆ ಮೂತಿಯೋಳೇ, ಮೆತ್ಗೆ ಚುಚ್ಚಕ್ಕಾಗಲ್ವಾ?"

ಸೇಲಂ ಆಸ್ಪತ್ರೆಯ ಆ ವಾರ್ಡಿನಲ್ಲಿ ಚಿನ್ನರಾಜನ ಗಂಟಲು ಅಷ್ಟು ಜೋರಾಗಿ ಎದ್ದದ್ದು ಅದೇ ಮೊದಲು. ಮಂಚದ ಸುತ್ತ ನಿಂತಿದ್ದ ಕಲಿಯುವ ಡಾಕ್ಟರುಗಳಿಗೆ ಕನ್ನಡ ಬಾರದಿದ್ದರೂ ಅದು ಬೈಗುಳವೆಂದು ತಿಳಿಯಿತು. ಎಲ್ಲರೂ ಡಾಕ್ಟರ್ ರಮಾಮಣಿಯವರ ಮುಖ ನೋಡಿದರು. ಗುಂಡನೆಯ ಕನ್ನಡಕದ ಹಿಂದೆ ಕಣ್ಣು ಮಿಟುಕಲಿಲ್ಲ. ಕೈಯಲ್ಲಿದ್ದ ಸೂಜಿ ಚಿನ್ನರಾಜನ ಬಲಗಾಲಿನ ಹೆಬ್ಬೆರಳ ಮೇಲೇ ನಿಂತಿತ್ತು. ಅವನ ಕಣ್ಣಿಗೆ ಬಟ್ಟೆ ಕಟ್ಟಿತ್ತು.

"ಬಾಯ್ಮುಚ್ಲಾ ಪಾಪಿ," ಅಂದಳು ತಾಯಿ ಸಿದ್ದಲಕ್ಷ್ಮಮ್ಮ.

ಕಂಬೈನಲ್ಲೂರಿನ ಹತ್ತಿರ ಹುಣಸೆಹಣ್ಣು ಉದುರಿಸಲು ಮರ ಹತ್ತಿದ ಚಿನ್ನರಾಜ ಬಿದ್ದು ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡಿದ್ದ. ಸೊಂಟದ ಕೆಳಗೆ ಸುದ್ದಿಯೇ ಇರಲಿಲ್ಲ. ಹೊಸ ಮದ್ದಿನ ಆರಾಯ್ಚಿಗೆ ಸೇರುತ್ತೀಯಾ ಎಂದು ರಮಾಮಣಿ ತಮಿಳಿನಲ್ಲಿ ಕೇಳಿದ್ದರು. ಕೆಲವರಿಗೆ ಕೊಡುವುದು ಮದ್ದು, ಕೆಲವರಿಗೆ ಬರೀ ಉಪ್ಪುನೀರು. ಯಾರಿಗೆ ಯಾವುದೆಂದು ಮುಗಿಯುವವರೆಗೆ ತನಗೂ ತಿಳಿಯದು ಎಂದು ಬಿಡಿಸಿ ಹೇಳಿದ್ದರು. ಸಂಶೋಧನೆಗೆ ತಮಿಳಿನಲ್ಲಿ ಅನ್ನುವ ಆರಾಯ್ಚಿ ಎಂಬ ಮಾತು ಸಿದ್ದಲಕ್ಷ್ಮಮ್ಮನ ಕಿವಿಗೆ ಆರೈಕೆಯಾಗಿ ಬಿತ್ತು. ಊರಿಗೆಲ್ಲ ಅವಳು ಹಾಗೇ ಹೇಳಿಕೊಂಡು ಬಂದಳು. ಚಿನ್ನರಾಜ ತಿದ್ದಲಿಲ್ಲ. ಒಪ್ಪಿ ರುಜು ಹಾಕಿದ. ಆಮೇಲೆ ಉಪ್ಪುನೀರನ್ನು ನೆನೆದು ನೆನೆದು ಉರಿದುಕೊಂಡ.

ವಾರ್ಡಿನ ಕೊನೆಯಲ್ಲಿ ನಡಿಗೆ ಕಲಿಸುವ ಎರಡು ಕಂಬಿಗಳಿದ್ದವು. ಅವನ ಜೀವವೆಲ್ಲ ಅಲ್ಲೇ. ಕಾಲಿಗೆ ಚುಚ್ಚಿದ್ದು ಗೊತ್ತಾಗಲಿ, ಆಗ ನಿಲ್ಲಿಸಿ ನೋಡೋಣ ಎಂದಿದ್ದರು ರಮಾಮಣಿ. ಹೋದ ವಾರ ಕಣ್ಣು ಕಟ್ಟಿ ಕೇಳಿದಾಗ ಅವನು ಪ್ರತಿ ಸಲವೂ "ತೆರಿಯುದು, ಗೊತ್ತಾಗ್ತದೆ" ಅಂದುಬಿಟ್ಟ. ಸೂಜಿ ಆಗ ಡಾಕ್ಟರ ಜೇಬಿನಲ್ಲಿತ್ತು. ಅಂದಿನಿಂದ ಅವನ ಹೂಂಗೆ ಬೆಲೆಯಿಲ್ಲ. ಆ ಸಿಟ್ಟಿಗೆ, ಅವರು ಬಂದಾಗಲೆಲ್ಲ ನಗುನಗುತ್ತಲೇ, ತುಟಿಯೊಳಗೆ ಕನ್ನಡದಲ್ಲಿ ಬೈಯುತ್ತಿದ್ದ. ಇಲ್ಲಿ ಯಾರಿಗೆ ತಿಳಿದೀತು ಎಂಬ ಧೈರ್ಯ.

ರಮಾಮಣಿ ಅವನ ಕಣ್ಣಿನ ಬಟ್ಟೆ ಬಿಚ್ಚಿದರು.

"ದಿನಾ ಬಾಯೊಳಗೇ ಗೂಬೆ ಅಂತಿದ್ದೆ. ಇವತ್ಯಾಕೆ ಕೂಗಿದೆ?"

ಚಿನ್ನರಾಜನಿಗೆ ಮಂಚದ ಕೆಳಗೆ ನುಸುಳಿಕೊಳ್ಳೋಣ ಅನ್ನಿಸಿತು. ಕಾಲಿದ್ದರೆ ತಾನೆ. "ಮೇಡಂ... ನೀವು ಕನ್ನಡದೋರಾ?"

"ಮನೇಲಿ ಕನ್ನಡಾನೇ. ಕೇಳಿದ್ದಕ್ಕೆ ಹೇಳು."

"ಬೆರಳು ಚುರ್ ಅಂತು."

"ಹೂಂ ಅಂದಿದ್ರೆ ನಾನು ನಂಬ್ತಿರ್ಲಿಲ್ಲ," ಅಂದರು ರಮಾಮಣಿ. "ದಿನಾ ಬೈತಿದ್ದದ್ದು ನನಗೆ. ಈಗ ಬೈದದ್ದು ಸೂಜಿಗೆ."

ಮತ್ತೆ ಕಣ್ಣು ಕಟ್ಟಿದರು. ಒಮ್ಮೆ ಚುಚ್ಚಿದರು, ಒಮ್ಮೆ ಚುಚ್ಚದೆಯೇ ಚುಚ್ಚಿದೆ ಅಂದರು. ಚುಚ್ಚಿದಾಗ ಮಾತ್ರ ಅವನ ಬಾಯಿ ಸಿಡಿಯಿತು.

"ಬೈಯ್ಲಾ ಮಗಾ, ಚೆನ್ನಾಗ್ ಬೈಯಿ," ಸಿದ್ದಲಕ್ಷ್ಮಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕಳು.

ಏನಂತಾನೆ ಎಂದು ಕಲಿಯುವವರಲ್ಲೊಬ್ಬ ಕೇಳಿದ. ರಮಾಮಣಿ ಕನ್ನಡಕ ಸರಿಮಾಡಿಕೊಂಡು "ಆಂದೈ," ಅಂದರು. ತಮಿಳಿನ ಗೂಬೆ ಕೇಳಿದ್ದೇ ವಾರ್ಡಿಗೆ ವಾರ್ಡೇ ನಕ್ಕಿತು.

"ಅಂಗಾರೆ ಮದ್ದು ಹತ್ತಿತಾ ತಾಯಿ?" ಸಿದ್ದಲಕ್ಷ್ಮಮ್ಮ ಡಾಕ್ಟರನ್ನು ಕೇಳಿದಳು.

"ಮದ್ದೋ, ಉಪ್ಪುನೀರೋ, ಮೈ ತಾನೇ ಸರಿಹೋಗ್ತಿದೆಯೋ, ಈಗ್ಲೇ ಹೇಳಕ್ಕಾಗಲ್ಲಮ್ಮ. ಇದು ಆರೈಕೆ ಅಲ್ಲ, ಆರಾಯ್ಚಿ."

"ಉಪ್ಪುನೀರಾದ್ರೆ ನಮ್ಮನೇಲೂ ಐತೆ, ಬಿಡಿ," ಅಂದಳು ಸಿದ್ದಲಕ್ಷ್ಮಮ್ಮ.

ಆಡಿ ತಿಂಗಳು, ತಮಿಳರ ಆಷಾಢ, ಕಳೆದ ಮೇಲೆ ಒಂದು ಬೆಳಿಗ್ಗೆ ಮೊಣಕಾಲಿಗೆ ಪಟ್ಟಿ ಬಿಗಿದು ಅವನನ್ನು ಕಂಬಿಗಳ ನಡುವೆ ನಿಲ್ಲಿಸಿದರು. ಎರಡೂ ಕಂಬಿಗಳನ್ನು ಬಿಗಿಯಾಗಿ ಹಿಡಿದ. ಬಲಗಾಲು ನೆಲ ಉಜ್ಜಿಕೊಂಡು ಮುಂದೆ ಬಂತು. ನೆಲ ತಣ್ಣಗಿತ್ತು.

"ಏನಪ್ಪಾ ಚಿನ್ನರಾಜ," ಹಿಂದಿನಿಂದ ರಮಾಮಣಿಯವರ ದನಿ. "ಇವತ್ತು ಗೂಬೆ ನೆನಪೇ ಇಲ್ವಾ?"

ಮಂಚಗಳ ಮೇಲಿದ್ದವರೆಲ್ಲ ಅವನ ಬಾಯಿಗಾಗಿ ಕಾದರು. ಚಿನ್ನರಾಜ ತುಟಿ ಕಚ್ಚಿಕೊಂಡು, ಎಲ್ಲರಿಗೂ ಬೆನ್ನು ಹಾಕಿ, ಕಿಟಕಿಯ ಬಿಸಿಲಿನ ಕಡೆಗೆ ಎಡಗಾಲನ್ನು ಎಳೆದುಕೊಂಡ, ಆಮೇಲೆ ಬಲಗಾಲನ್ನು.