ಕಡಿಮೆಯಾದ ಹದಿನೇಳು ಕುದುರೆ

ಏಳು ಕೆರೆಯಾಚೆ ಒಂದು ವಂಶವಿತ್ತಂತೆ. ತಾತ, ಮಗ, ಮೊಮ್ಮಗ. ಮೂವರಿಗೂ ಮೂರು ಮೂಲೆಯ ಎದೆ. ಮೊಟ್ಟೆಯಂಥ ಮನೆಯೊಳಗೆ ಗಿರಗಿರನೆ ಸುತ್ತುವುದೇ ಅವರ ಬದುಕು. ತಾತನ ಲಾಯದಲ್ಲಿ ನೂರು ಕುದುರೆ, ಮಗನ ಲಾಯದಲ್ಲಿ ಇನ್ನೂರ ಐವತ್ತೈದು, ಮೊಮ್ಮಗನ ಲಾಯದಲ್ಲಿ ಮಾತ್ರ ಇನ್ನೂರ ಮೂವತ್ತೆಂಟು.

ಪಿಸ್ಟನ್ನಿನ ಬದಲು ಮೂರು ಮೂಲೆಯ ರೋಟರ್ ಸುತ್ತುವ ಕಾರಿನ ರೋಟರಿ ಎಂಜಿನ್ನಿನ ಮೂರು ತಲೆಮಾರುಗಳನ್ನು, ಅವುಗಳ ಅಶ್ವಶಕ್ತಿಯನ್ನು ಯಶೋಧರಾ ಮನಸ್ಸಿನಲ್ಲಿ ಹೀಗೆ ಇಟ್ಟುಕೊಂಡಿದ್ದಳು. ಹಾಸನದ ಎಂಜಿನಿಯರಿಂಗ್ ಕಾಲೇಜು, ೨೦೦೪ನೇ ಇಸವಿ. ಮೆಕ್ಯಾನಿಕಲ್ ಕೊನೆಯ ವರ್ಷಕ್ಕೆ ಅವಳೊಬ್ಬಳೇ ಹುಡುಗಿ. ಸೆಮಿನಾರಿಗೆಂದು ಬರೆದು ತಂದ ಹಾಳೆಯ ಕೊನೆಯ ಅಂಕಿಯ ಮೇಲೆ ಲೆಕ್ಚರರ್ ಪರಮಶಿವಯ್ಯ ಕೆಂಪು ಗೀಟೆಳೆದರು.

"ಹೊಸ ಎಂಜಿನ್ನು ಹಳೇದಕ್ಕಿಂತ ಕಮ್ಮೀನಾ? ಮಿಕ್ಕ ಹದಿನೇಳು ಎಚ್‌ಪಿ ಯಾರು ನುಂಗಿದ್ರಮ್ಮಾ? ಇದು ಎಂಜಿನ್ನು, ರೋಟರಿ ಕ್ಲಬ್ಬಲ್ಲ!"

ಹುಡುಗರು ಬೆಂಚು ಬಡಿದು ನಕ್ಕರು. ಯಶೋಧರಾ ಹಾಳೆಯನ್ನು ವಾಪಸು ತೆಗೆದುಕೊಂಡಳು.

"ಅಂಕಿ ಸರಿಯಾಗೇ ಇದೆ ಸಾರ್. ಯಾಕೆ ಅಂತ ಶನಿವಾರ ಬೋರ್ಡಿನ ಮೇಲೆ ತೋರಿಸ್ತೀನಿ."

"ತೋರಿಸದಿದ್ರೆ ಸೆಮಿನಾರಿಗೆ ಲೂಬ್ರಿಕೇಶನ್ ತಗೊ. ಹೆಣ್ಮಕ್ಕಳಿಗೆ ಅದು ಸಾಕು."

ಮಾತು ಕೊಟ್ಟಾಗಿತ್ತು. ಆದರೆ ಯಾಕೆಂಬುದು ಅವಳಿಗೇ ಪೂರ್ತಿ ಹೊಳೆದಿರಲಿಲ್ಲ. ಗೊರೂರಿನ ಕ್ವಾರ್ಟರ್ಸಿಗೆ ಬಂದವಳೇ ಬ್ಯಾಗು ಬಿಸುಟು, ಪಂಪ್ ಆಪರೇಟರಾದ ಅಪ್ಪ ಚಲುವಯ್ಯನ ಮೇಲೆ ಹರಿಹಾಯ್ದಳು. ಅವನು ಬೀಡಿ ಆರಿಸಿ ಪೂರ್ತಿ ಕೇಳಿದ.

"ಅಲ್ಲ ಕಣವ್ವ, ನಮ್ಮ ಪಂಪಿಗೆ ಡ್ಯಾಮಿನ ನೀರು ಬೆನ್ನಿಂದಿಂದ ನೂಕ್ತದೆ. ಬಾವಿ ಪಂಪು ತಾನೇ ಈರ್ಕೋಬೇಕು. ಎಲ್ಡನ್ನೂ ಅಕ್ಕಪಕ್ಕ ನಿಲ್ಸಿ ಯಾವ್ದು ಗಟ್ಟಿ ಅಂದ್ರೆ ಎಂಗವ್ವಾ? ನಿನ್ ಎಂಜಿನ್ನಿಗೂ ಯಾರಾದ್ರೂ ನೂಕೋರು ಅವ್ರಾ?"

ಇದ್ದರು! ಮಗನ ಬೆನ್ನ ಹಿಂದೆ ಎರಡು ಟರ್ಬೊಗಳು ಗಾಳಿ ತುರುಕುತ್ತಿದ್ದವು. ಮೊಮ್ಮಗ ತಾನೇ ಉಸಿರೆಳೆದುಕೊಂಡು ದುಡಿಯುತ್ತಿದ್ದ. ತನ್ನ ಮೇಲೇ ಅವಳಿಗೆ ಕೋಪ ಬಂತು. ಕಾಲೇಜಿನಲ್ಲಿ ನಾಲ್ಕು ವರ್ಷ ಓದಿಯೂ ಅಂಕಿಯ ಪಕ್ಕ 'ಟರ್ಬೊ' ಎಂಬ ಒಂದು ಪದ ಬರೆದಿರಲಿಲ್ಲ.

ಮೊದಲ ಶನಿವಾರ ಪರಮಶಿವಯ್ಯ "ಟೈಮಿಲ್ಲ" ಎಂದರು. ಎರಡನೆಯದಕ್ಕೆ "ನೀನಿನ್ನೂ ಅದನ್ನ ಬಿಟ್ಟಿಲ್ವಾ?" ಎಂದು ಬೇರೊಬ್ಬನನ್ನು ಕರೆದರು. ಮೂರನೆಯ ಶನಿವಾರ ಅವರು ಹಾಜರಿ ಮುಗಿಸುವಷ್ಟರಲ್ಲಿ ಯಶೋಧರಾ ಬೋರ್ಡಿನ ಮುಂದೆ ನಿಂತಾಗಿತ್ತು.

"ಯಾರಮ್ಮ ಕರೆದ್ರು ನಿನ್ನ?"

"ನೀವೇ ಸಾರ್. ಮೂರು ವಾರ ಆಯ್ತು."

ಸೀಮೆಸುಣ್ಣ ಕಿರ್ರೆಂದಿತು. 'ಗಾಳಿ ನೂಕಿಸಿಕೊಂಡದ್ದು' ಎಂದು ಒಂದು ಸಾಲು, 'ತಾನೇ ಎಳೆದುಕೊಂಡದ್ದು' ಎಂದು ಇನ್ನೊಂದು. ಇನ್ನೂರ ಐವತ್ತೈದು ಮೊದಲನೆಯದರ ಕೆಳಗೆ ಒಂಟಿಯಾಗಿ ಕೂತಿತು. ಎರಡನೆಯದರ ಕೆಳಗೆ ತಾತನ ನೂರು. ಆಮೇಲೆ, ಮಗನಿಗೂ ಮುಂಚೆ ಟರ್ಬೊ ಇಲ್ಲದೆ ಬಂದಿದ್ದ, ಮಗ ಮೊಮ್ಮಗರಷ್ಟೇ ಅಳತೆಯ ಹಳೆಯ ಎಂಜಿನ್ನೊಂದರ ನೂರ ನಲವತ್ತಾರು. ಅದರ ಕೆಳಗೆ ಮೊಮ್ಮಗನ ಇನ್ನೂರ ಮೂವತ್ತೆಂಟು.

"ಯಾರೂ ನುಂಗಿಲ್ಲ ಸಾರ್. ಅದೇ ಅಳತೆ, ಯಾರ ಸಹಾಯವೂ ಇಲ್ಲ, ಆ ನೂರ ನಲವತ್ತಾರಕ್ಕಿಂತ ತೊಂಬತ್ತೆರಡು ಜಾಸ್ತಿ. ಹೊಗೆ ಹೋಗೋ ಕಿಂಡಿ ಪಕ್ಕಕ್ಕೆ ಸರಿಸಿ ಇದನ್ನ ಸಾಧಿಸಿದ್ದಾರೆ."

ಹಿಂದಿನ ಬೆಂಚಿನ ಕೀರ್ತಿರಾಜ್, "ಲೇ, ಬರ್ಕೊಳ್ರೋ, ಪರೀಕ್ಷೆಗೆ ಬತ್ತದೆ" ಎಂದ. ಪುಟಗಳು ಸರಸರ ತಿರುಗಿದವು. ಪರಮಶಿವಯ್ಯ ಡಸ್ಟರಿಗೆ ಕೈ ಚಾಚಿದರು. ಅದು ಯಶೋಧರಾಳ ಮುಷ್ಟಿಯಲ್ಲಿತ್ತು.

"ಇನ್ನೂ ಬರೀತಿದಾರೆ ಸಾರ್."

ಕೊನೆಯವನು ಪೆನ್ನಿನ ಮುಚ್ಚಳ ಹಾಕುವವರೆಗೂ ಅವಳು ಅಲ್ಲಾಡಲಿಲ್ಲ. ಆಮೇಲೆ ಡಸ್ಟರನ್ನು ಅವರ ಮೇಜಿನ ಮೇಲಿಟ್ಟಳು.